ಹವ್ಯಾಸಕ್ಕೆ ಪಿಕ್ ಸೆಟ್ ಕೊಳ್ಳುವಾಗ ಏನು ನೋಡಬೇಕು? ದಪ್ಪ, ಉಕ್ಕು, ಟೆನ್ಶನ್ ಬಾರ್

ಚಿಲಕ_ಮೈಸೂರು

ಬೀಗ ಪಿಕ್ ಮಾಡುವುದನ್ನು, ಅಂದರೆ ಬೀಗದ ಕೈ ಇಲ್ಲದೆ ಸಣ್ಣ ಕಡ್ಡಿಗಳಿಂದ ಬೀಗ ತೆರೆಯುವುದನ್ನು, ಹವ್ಯಾಸವಾಗಿ ಕಲಿಯಲು ಸಲಕರಣೆ ಬೇಕು. ಬಜೆಟ್ 3,000 ರೂಪಾಯಿ. ಆನ್‌ಲೈನಿನಲ್ಲಿ 24 ಪೀಸು, 30 ಪೀಸಿನ ಸೆಟ್ಟು, ಜೊತೆಗೊಂದು ಪಾರದರ್ಶಕ ಬೀಗ, ಎಲ್ಲ ಸೇರಿ ಸಾವಿರದ ಆಸುಪಾಸಿನಲ್ಲಿ ಕಾಣುತ್ತವೆ. ಹೊರದೇಶದ ಬ್ರ್ಯಾಂಡಿನವು ಏಳೆಂಟು ಪೀಸಿಗೇ ಅದರ ಎರಡು ಮೂರು ಪಟ್ಟು. ದುಡ್ಡು ಹೋಗುವುದು ಹೆಸರಿಗೋ, ವಸ್ತುವಿಗೋ? ಅಭ್ಯಾಸಕ್ಕೆ ಇರುವ ಬೀಗಗಳು: 60 ಎಂಎಂ ಹಿತ್ತಾಳೆಯ ಯೂರೋ ಸಿಲಿಂಡರ್ (ಬಾಗಿಲ ಬೀಗದೊಳಗೆ ಕೂರುವ, ಕೀ ಹಾಕುವ ಭಾಗ) ಒಂದು, 7 ಲಿವರಿನ ಪ್ಯಾಡ್‌ಲಾಕ್ ಒಂದು. ಎರಡೂ ಬಾಗಿಲಿಗೆ ಹಾಕಿದವಲ್ಲ.

ಹಿತ್ತಾಳೆ_ಪಿನ್

ಸೆಟ್ಟಿನ ಮಾತಿಗೆ ಮುಂಚೆ ಬೀಗದ ಮಾತು. ಆ 7 ಲಿವರಿನ ಪ್ಯಾಡ್‌ಲಾಕನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆನ್‌ಲೈನಿನಲ್ಲಿ ಸಿಗುವ ಸೆಟ್‌ಗಳು ಹೆಚ್ಚುಕಮ್ಮಿ ಎಲ್ಲವೂ ಪಿನ್ ಟಂಬ್ಲರ್ ಬೀಗಕ್ಕೆ ಮಾಡಿದವು. ಅದರಲ್ಲಿ ಕೀ ತೂತಿರುವ ತಿರುಗುವ ಭಾಗವನ್ನು, ಅಂದರೆ ಪ್ಲಗ್ಗನ್ನು, ಸ್ಪ್ರಿಂಗಿನ ಪುಟ್ಟ ಪಿನ್ನುಗಳು ತಡೆದಿರುತ್ತವೆ. ಟೆನ್ಶನ್ ಬಾರಿನಿಂದ ಪ್ಲಗ್ಗನ್ನು ತುಸು ತಿರುಗಿಸಿ ಹಿಡಿದು, ಪಿಕ್ಕಿನಿಂದ ಒಂದೊಂದೇ ಪಿನ್ ಎತ್ತಿ ಸರಿಯಾದ ಎತ್ತರದಲ್ಲಿ ಕೂರಿಸಬೇಕು. ನಮ್ಮ ದೇಶದ ಪ್ಯಾಡ್‌ಲಾಕ್ ಪರಂಪರೆ ಬಹುಪಾಲು ಲಿವರಿನದು. ಅಲೀಗಢದಲ್ಲಿ ಆಗುವುದೂ ಅದೇ, 2019ರಲ್ಲಿ ಜಿಐ ಗುರುತು ಪಡೆದ ದಿಂಡಿಗಲ್ ಬೀಗವೂ ಅದೇ, ಗೋದ್ರೇಜಿನ ನವ್‌ತಾಲ್ ಕೂಡ ಅದೇ ಜಾತಿ. ಅದರೊಳಗೆ ಸ್ಪ್ರಿಂಗಿಗೆ ಆತುಕೊಂಡ ತಗಡಿನ ಪಟ್ಟಿಗಳಿರುತ್ತವೆ, ಪಿನ್ ಇರುವುದಿಲ್ಲ. ಹುಕ್ಕು (ತುದಿ ಕೊಕ್ಕೆಯಾದ ಪಿಕ್), ರೇಕು (ಉಬ್ಬು ಉಬ್ಬಾಗಿದ್ದು, ಪಿನ್ನುಗಳ ಮೇಲೆ ಉಜ್ಜುವ ಪಿಕ್) ಹಾಕಿ ಗಂಟೆಗಟ್ಟಲೆ ಆಡಿಸಿದರೂ ಅಲ್ಲಿ ಹಿಡಿಯಲು ಏನೂ ಸಿಗದು. ಅದಕ್ಕೆ ತಂತಿಯ ರೀತಿಯ ಬೇರೆಯೇ ಸಲಕರಣೆ ಬೇಕು.

ಬೀಗದ ಕೈ ನೋಡಿಯೇ ಹೇಳಬಹುದು. ಕೈ ಚಪ್ಪಟೆಯಾಗಿದ್ದು, ಒಂದು ಅಂಚಿನಲ್ಲಿ ಬೆಟ್ಟಸಾಲಿನ ಹಾಗೆ ಏರಿಳಿತ ಕೊರೆದಿದ್ದರೆ ಪಿನ್ ಬೀಗ. ಗುಂಡನೆಯ ಕಡ್ಡಿ, ತುದಿಯಲ್ಲಿ ಬಾವುಟದ ಹಾಗೆ ಚಾಚಿದ ಹಲ್ಲು ಇದ್ದರೆ ಲಿವರ್. ಚಪ್ಪಟೆ ಮೈಯ ಮೇಲೆ ಗುಂಡಿ ಗುಂಡಿ ಹಳ್ಳಗಳಿದ್ದರೆ ಅದು ಡಿಂಪಲ್. ನಮ್ಮಲ್ಲಿ ಅಂಗಡಿಯವರು ಕಂಪ್ಯೂಟರ್ ಕೀ ಅನ್ನುತ್ತಾರೆ, ಕಂಪ್ಯೂಟರಿಗೂ ಅದಕ್ಕೂ ಯಾವ ನಂಟೂ ಇಲ್ಲ. ಡಿಂಪಲ್ಲಿಗೂ ಮಾಮೂಲಿ ಸೆಟ್ಟು ಬರುವುದಿಲ್ಲ, ತುದಿಯಲ್ಲಿ ಪುಟ್ಟ ಬಾವುಟದಂತೆ ಅಡ್ಡ ತಿರುಗಿದ ಪಿಕ್ ಬೇಕು.

ನಿಮ್ಮ ಯೂರೋ ಸಿಲಿಂಡರಿನ ಕೈ ಯಾವ ಥರ?

ಚಿಲಕ_ಮೈಸೂರು

ಮೊದಲನೆಯದು ಸರ್. ಚಪ್ಪಟೆ, ಒಂದು ಅಂಚಿನಲ್ಲಿ ಏರಿಳಿತ. ಐದು ಕಡೆ ಕೊರೆದಿದೆ.

ಸಾಣೆಕಲ್ಲು

ಐದು ಪಿನ್. ಶುರುವಿಗೆ ಒಳ್ಳೆಯ ಬೀಗ.

ಈಗ ಪಿಕ್ಕಿನ ದಪ್ಪ. ಲೇತ್ ಕೆಲಸದವರ ಲೆಕ್ಕದಲ್ಲಿ ಇದನ್ನು ಥೌನಲ್ಲಿ ಹೇಳುತ್ತಾರೆ, ಇಂಚಿನ ಸಾವಿರದ ಒಂದು ಭಾಗ. 25 ಥೌ ಅಂದರೆ 0.64 ಎಂಎಂ, ಅಮೆರಿಕದ ಅಗಲ ತೂತಿನ ಬೀಗಗಳಿಗೆ ಇದು ಮಾಮೂಲಿ ಅಳತೆ. 18 ಥೌ ಅಂದರೆ 0.46, 15 ಥೌ ಅಂದರೆ 0.38 ಎಂಎಂ. ಯೂರೋ ಸಿಲಿಂಡರಿನ ಕೀ ತೂತು ಇಕ್ಕಟ್ಟು. ಅದರ ಗೋಡೆಯ ಉಬ್ಬುಗಳು ಮಧ್ಯಗೆರೆ ದಾಟಿ ಒಳಗೆ ಚಾಚಿಕೊಂಡಿದ್ದರಂತೂ 25 ಥೌನ ಪಿಕ್ ಒಳಗೆ ಹೋಗುತ್ತದೆ, ಆದರೆ ಆಡುವುದಿಲ್ಲ. ಗೋಡೆಗೆ ಉಜ್ಜುತ್ತಾ ಹೋಗುತ್ತದೆ, ಪಿನ್ನಿಗೆ ತಾಗಿತೋ ಗೋಡೆಗೆ ತಾಗಿತೋ ಬೆರಳಿಗೆ ತಿಳಿಯುವುದಿಲ್ಲ. ಕಲಿಯುವವರ ಅರ್ಧ ಗೋಳು ಇದೇ. ಪಿಕ್ ಸರಿಯಿಲ್ಲ ಎಂಬುದು ಗೊತ್ತಾಗದೆ ತಮ್ಮ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ಹಾಗೆಂದು ತೆಳುವಾದದ್ದೆಲ್ಲ ಬಳುಕುತ್ತದೆ, ಮುರಿಯುತ್ತದೆ ಎಂದು ಹೆದರಬೇಡಿ. ಪಿನ್ ಎತ್ತುವಾಗ ಪಿಕ್ಕಿನ ಮೇಲೆ ಒತ್ತಡ ಬೀಳುವುದು ತಗಡಿನ ಎತ್ತರದ ದಿಕ್ಕಿನಲ್ಲಿ. ಆ ದಿಕ್ಕಿನ ಬಿಗಿ ದಪ್ಪದ ಜೊತೆ ನೇರವಾಗಿ ಏರುತ್ತದೆ, ಎತ್ತರದ ಜೊತೆ ಘನವಾಗಿ ಏರುತ್ತದೆ. 18 ಥೌನಿಂದ 25 ಥೌಗೆ ಹೋದರೆ ಬಿಗಿ ಹೆಚ್ಚುವುದು ಸುಮಾರು 40 ಶೇಕಡ. ಕತ್ತಿನ, ಅಂದರೆ ಹಿಡಿಗೂ ತುದಿಗೂ ನಡುವಿನ ಭಾಗದ, ಎತ್ತರ 2 ಎಂಎಂ ಇದ್ದದ್ದು 2.5 ಆದರೆ ಹೆಚ್ಚುಕಮ್ಮಿ ಎರಡು ಪಟ್ಟು. ಒಳ್ಳೆಯ ತಯಾರಕರು ತೆಳುವಾದ ಪಿಕ್ಕಿಗೆ ಕತ್ತನ್ನು ಬುಡದಲ್ಲಿ ಎತ್ತರ ಇಟ್ಟು ತುದಿಯ ಕಡೆಗೆ ಸಣ್ಣದು ಮಾಡುತ್ತಾ ಹೋಗುವುದು ಇದಕ್ಕೇ. ಅಗ್ಗದ ಸೆಟ್ಟಿನಲ್ಲಿ ಕತ್ತು ಉದ್ದಕ್ಕೂ ಒಂದೇ ಸಮ, ಮತ್ತು ಎತ್ತರದಲ್ಲಿ ಜಿಪುಣತನ, ದಪ್ಪದಲ್ಲಿ ಧಾರಾಳ. ಬೇಕಾದದ್ದಕ್ಕೆ ಸರಿಯಾಗಿ ಉಲ್ಟಾ.

ತೆಳು ಪಿಕ್ಕಿನ ನಿಜವಾದ ದೌರ್ಬಲ್ಯ ತಿರುಚುವಿಕೆ. ಒಳಗೆ ಸಿಕ್ಕಿಕೊಂಡಾಗ ಕೈ ತಿರುಗಿಸಿ ಎಳೆದರೆ ತುದಿ ಸೊಟ್ಟಗಾಗುತ್ತದೆ. ಸಿಕ್ಕಿಕೊಂಡರೆ ಮೊದಲು ಟೆನ್ಶನ್ ಬಿಡಿ, ಆಮೇಲೆ ಹೋದ ದಾರಿಯಲ್ಲೇ ಹೊರಗೆ ತನ್ನಿ.

ಧಾರವಾಡ_ಕೀಲಿ

ಎಲ್ಲಾರೂ ಪಿಕ್ಕಿನ ಬಗ್ಗೆನ ಹೇಳಾಕತ್ತೀರಿ. ಟೆನ್ಶನ್ ಬಾರ್ ಯಾರು ಕೇಳಬೇಕ್ರಿ? 3,000ದಾಗ ಸಾವಿರ ಅದಕ್ಕ ತೆಗೆದಿಡ್ರಿ. ಪಿಕ್ ಸುಮಾರಾಗಿದ್ರೂ ನಡೀತೈತಿ, ಬಾರ್ ಸಡಿಲ ಇದ್ರ ಏನೂ ನಡ್ಯಾಂಗಿಲ್ಲ.

ಅಗ್ಗದ ಸೆಟ್ಟಿನಾಗ ಬರೋದು ಎಲ್ ಆಕಾರದ ತೆಳು ಪಟ್ಟಿ, ತೂತಿನ ಪಿನ್ ಇಲ್ಲದ ಕೊನೀಗೆ ಹಾಕೋದು. ಅದು ಬಳುಕತೈತಿ, ಮ್ಯಾಲ ಪಿಕ್ ಆಡಾಕ ಇರೋ ಜಾಗಾನೂ ತಿನ್ನತೈತಿ. ಯೂರೋ ಸಿಲಿಂಡರಿಗೆ ಪಿನ್ ಕಡೆ ಕೊನೀಗೆ ಕೂಡೋ ಚಪ್ಪಟಿ ಬಾರ್ ಬೇಕು, ಟಿಓಕೆ ಅಂತಾರ ಅದಕ್ಕ. ಹೆಸರು ಟಾಪ್ ಆಫ್ ಕೀವೇ ಅಂತ ಇದ್ರೂ ಮ್ಯಾಲಿನ ಕೊನಿ ಅಂತ ತಿಳ್ಕೋಬ್ಯಾಡ್ರಿ. ಅಮೆರಿಕದಾಗ ಪಿನ್ ಮ್ಯಾಲ ಇರತಾವ, ಯೂರೋ ಸಿಲಿಂಡರ್ ಬಾಗಿಲಿಗೆ ಹಾಕಿದ್ರ ಪಿನ್ ಕೆಳಗ ಬರತಾವ. ಪಿನ್ ಇರೋ ಕಡೆ ಅಂತ ನೆನಪಿಟ್ಟರ ಸಾಕು.

ಅಳತಿ ಮೂರು: 30, 40, 50 ಥೌ. ಅಂದ್ರ 0.76, 1.02, 1.27 ಎಂಎಂ. ಒತ್ತಡ ಹಾಕದ ಒಳಗ ಹೋಗೋವಂಥ ಅತಿ ದಪ್ಪಂದು ಯಾವುದೋ ಅದು ನಿಮ್ಮದು. ಹಾಕಿದ ಮ್ಯಾಲ ಬೆರಳಿಂದ ಮ್ಯಾಲ ಕೆಳಗ ಅಲುಗಾಡಿಸಿ ನೋಡ್ರಿ. ಗಡಗಡ ಅಂದ್ರ ಒಂದು ಅಳತಿ ದೊಡ್ಡದು ಹಾಕ್ರಿ.

ತಪ್ಪು ಆಗೋದು ಎರಡು ಕಡೆ. ಒಂದು, ಬಾರಿನ ಹಲ್ಲು, ಅಂದ್ರ ತೂತಿನೊಳಗ ಹೋಗೋ ತುದಿ, ಉದ್ದ ಆಗಿ ಮೊದಲನೇ ಪಿನ್ನಿಗೆ ತಾಗತೈತಿ. ಆ ಪಿನ್ ಎಷ್ಟು ಎತ್ತಿದ್ರೂ ಕೂಡಂಗಿಲ್ಲ, ಮಂದಿ ಪಿಕ್ಕಿಗೆ ಬೈತಾರ. ಹಲ್ಲಿನ ತುದಿ ಅರದಿಂದ ಅರ್ಧ ಎಂಎಂ ಅರ್ಧ ಎಂಎಂ ತೆಗೀರಿ, ಒಮ್ಮೆಲೆ ತೆಗೀಬ್ಯಾಡ್ರಿ. ಎರಡು, ಬಾರ್ ಪ್ಲಗ್ಗಿನಿಂದ ಹೊರಗ ಚಾಚಿ ಸುತ್ತಿನ ಮೈಗೆ ಉಜ್ಜತೈತಿ. ಪ್ಲಗ್ ಬಿಗಿ ಐತಿ ಅನಸತೈತಿ, ಖರೇ ಅಂದ್ರ ನಿಮ್ಮ ಬಾರ್ ಸಿಕ್ಕಿರತೈತಿ.

ಹಲ್ಲಿನ ಅಂಚು ಚೂಪು ಇರಲಿ. ಪಿಕ್ಕಿಗೆ ಹಚ್ಚಿದಂಗ ಇದಕ್ಕೂ ಪಾಲಿಶ್ ಹಚ್ಚಿದ್ರ ಜಾರತೈತಿ. ಕೆಲವು ಕಂಪನಿ ಹಲ್ಲಿಗೆ ಸಣ್ಣ ಗರಗಸದ ಕಚ್ಚು ಕೊಡತಾರ, ಅದು ಶೋಕಿ ಅಲ್ಲ.

ಸಾಣೆಕಲ್ಲು

ಧಾರವಾಡದವರ ಮಾತಿಗೆ ಒಂದು ಸೇರಿಕೆ. ಬಿಗಿಯಾದ ಬಾರ್, ತಿರುಚಿದ ಪಟ್ಟಿಯ ಬಾರ್ ಎರಡಕ್ಕೂ ಜಾಗವಿದೆ. ತಿರುಚಿದ್ದು ಸ್ಪ್ರಿಂಗಿನಂತೆ ಬಾಗುವುದರಿಂದ ಒತ್ತಡ ಸಮವಾಗಿ ಸಿಗುತ್ತದೆ, ರೇಕ್ ಮಾಡುವಾಗ ಅನುಕೂಲ. ಆದರೆ ಸ್ಪೂಲ್ ಪಿನ್ (ನೂಲಿನ ಉರುಳೆಯಂತೆ ನಡು ಸಣ್ಣಗಾದ ಪಿನ್) ಇರುವ ಬೀಗದಲ್ಲಿ ಪ್ಲಗ್ ಒಂದಿಷ್ಟು ಹಿಂದಕ್ಕೆ ತಿರುಗುವುದನ್ನು ಬೆರಳು ಗುರುತಿಸಬೇಕು. ಬಳುಕುವ ಬಾರ್ ಆ ಸುದ್ದಿಯನ್ನು ನುಂಗಿಬಿಡುತ್ತದೆ. ಒಂದೇ ಕೊಳ್ಳುವುದಾದರೆ ಬಿಗಿಯದ್ದು.

ಚಿಲಕ_ಮೈಸೂರು

ಇಷ್ಟು ತಿಳಿಯಿತು. ಉಕ್ಕಿನ ವಿಷಯ? ಒಂದರ ಮೇಲೆ 301 ಅಂತ, ಇನ್ನೊಂದರ ಮೇಲೆ 420 ಅಂತ, ಮತ್ತೊಂದರಲ್ಲಿ ಬರೀ ಸ್ಪ್ರಿಂಗ್ ಸ್ಟೀಲ್ ಅಂತ ಬರೆದಿದೆ. ಬಹುಪಾಲಿನವರು ಬರೀ ಸ್ಟೇನ್‌ಲೆಸ್ ಎಂದಷ್ಟೇ ಬರೆದಿದ್ದಾರೆ. ಯಾವುದು ಹೆಚ್ಚು ಬಿಗಿ?

ಸಾಣೆಕಲ್ಲು

ಬಿಗಿಯ ಲೆಕ್ಕದಲ್ಲಿ ಎಲ್ಲವೂ ಒಂದೇ. ಉಕ್ಕಿನ ಬಿಗಿತನ, ಅಂದರೆ ಒತ್ತಿದಾಗ ಎಷ್ಟು ಬಾಗುತ್ತದೆ ಎಂಬುದು, ಯಾವ ಜಾತಿಯಾದರೂ 190ರಿಂದ 210 ಗಿಗಾಪಾಸ್ಕಲ್ ಆಸುಪಾಸು. ಹದ ಕೊಟ್ಟರೂ ಅದು ಬದಲಾಗುವುದಿಲ್ಲ. ಜಾತಿಯಿಂದ ಬದಲಾಗುವುದು ಬೇರೆ: ಬಾಗಿದ್ದು ವಾಪಸ್ ನೆಟ್ಟಗಾಗುತ್ತದೋ, ಸೊಟ್ಟಗೇ ಉಳಿಯುತ್ತದೋ, ಪಟ್ಟನೆ ಮುರಿಯುತ್ತದೋ.

301 ಎಂದು ಬರೆದಿದ್ದರೆ ಪಕ್ಕದಲ್ಲಿ ಫುಲ್ ಹಾರ್ಡ್ ಎಂದಿದೆಯೇ ನೋಡಿ. ಅದನ್ನು ಗಟ್ಟಿ ಮಾಡುವುದು ಬೆಂಕಿಯಿಂದಲ್ಲ, ತಣ್ಣಗಿರುವಾಗಲೇ ರೋಲರಿನಲ್ಲಿ ಅಮುಕಿ ಅಮುಕಿ. ಮಿತಿ ಮೀರಿದರೆ ಬಾಗುತ್ತದೆ, ಮುರಿಯುವುದು ಅಪರೂಪ. ಬಾಗಿದ್ದನ್ನು ಬೆರಳಿನಲ್ಲೇ ಒಂದೆರಡು ಸಲ ನೆಟ್ಟಗೆ ಮಾಡಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದರೆ ಮಾತ್ರ ದಣಿದು ಬಿರುಕು ಬಿಡುತ್ತದೆ. ಕಲಿಯುವವರ ಕೈಗೆ ಇದೇ ಸರಿ.

420 ಕಾಯಿಸಿ ಹದ ಕೊಟ್ಟ ಉಕ್ಕು. ಗಡಸು ಹೆಚ್ಚು, ತುದಿ ಬೇಗ ಸವೆಯುವುದಿಲ್ಲ. ಒತ್ತಡ ಮೀರಿದರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ, ತುಂಡು ಬೀಗದೊಳಗೇ ಉಳಿಯುತ್ತದೆ.

ಹಿತ್ತಾಳೆ_ಪಿನ್

ಇಲ್ಲಿ ಸ್ವಲ್ಪ ತಕರಾರಿದೆ ಸಾಣೆಕಲ್ಲು ಅವರೇ. 420 ಮುರಿಯುತ್ತದೆ ಎಂದು ಹೆದರಿಸಿದರೆ ಎಲ್ಲರೂ ಮೆತ್ತನೆಯದನ್ನೇ ಹುಡುಕುತ್ತಾರೆ. ಹದ ಸರಿಯಾಗಿ ಇಳಿಸಿದ 420 ಸುಲಭಕ್ಕೆ ಮುರಿಯದು. ಪಿನ್ ಎತ್ತಲು ಬೇಕಾದ ಬಲ ತೀರ ಕಡಿಮೆ. ಪಿಕ್ ಮುರಿಯುವಷ್ಟು ಒತ್ತುತ್ತಿದ್ದಾರೆ ಎಂದರೆ ಟೆನ್ಶನ್ ವಿಪರೀತವಾಗಿದೆ ಎಂದರ್ಥ. 420 ಆ ಕೆಟ್ಟ ಅಭ್ಯಾಸವನ್ನು ಬೇಗ ಬಯಲು ಮಾಡುತ್ತದೆ, 301 ಅದನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ.

ಸಾಣೆಕಲ್ಲು

ಒಪ್ಪುತ್ತೇನೆ, ಆದರೆ ಆ ಪಾಠದ ಫೀಸು ಒಂದು ಪಿಕ್ಕು ಮತ್ತು ಒಂದು ಸಿಲಿಂಡರು. 3,000ದ ಬಜೆಟ್ಟಿನವರಿಗೆ 301 ಎಂದೇ ನನ್ನ ಮಾತು.

ಇನ್ನೊಂದು: ಅಯಸ್ಕಾಂತಕ್ಕೆ ಅಂಟಿದರೆ ಸ್ಟೇನ್‌ಲೆಸ್ ಅಲ್ಲ ಎಂಬ ಅಡುಗೆಮನೆಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. 420 ಪೂರ್ತಿ ಅಂಟುತ್ತದೆ. ಅಮುಕಿ ಗಟ್ಟಿ ಮಾಡಿದ 301 ಕೂಡ ಅಂಟುತ್ತದೆ.

ಕಡಲತಡಿ

ಕರಾವಳಿಯವರಿಗೆ ಒಂದು ವಿಷಯ ಉಂಟು ಮಾರಾಯ್ರೆ. ಬರೀ ಸ್ಪ್ರಿಂಗ್ ಸ್ಟೀಲ್ ಅಂತ ಬರೆದದ್ದು ಸಾಮಾನ್ಯವಾಗಿ 1095ರಂಥ ಹೆಚ್ಚು ಇಂಗಾಲದ ಉಕ್ಕು. ಪಿಕ್ಕಿಗೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಬೆವರಿನ ಕೈಯಲ್ಲಿ ಮುಟ್ಟಿ ಚೀಲದೊಳಗೆ ಹಾಕಿಟ್ಟರೆ ವಾರದಲ್ಲಿ ತುಕ್ಕಿನ ಚುಕ್ಕೆ ಬಿತ್ತು. ಚರ್ಮದ ಚೀಲವಾದರೆ ಇನ್ನೂ ಬೇಗ, ಚರ್ಮ ನೀರಿನ ಪಸೆ ಹಿಡಿದಿಟ್ಟುಕೊಳ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿ ಇಡಿ.

ಎಣ್ಣೆ ಅಂದದ್ದಕ್ಕೆ ಮತ್ತೊಂದು: ಅಭ್ಯಾಸದ ಬೀಗಕ್ಕೆ ತೆಂಗಿನೆಣ್ಣೆ ಬಿಡಬೇಡಿ. ಹಿತ್ತಾಳೆಯ ಪುಡಿ, ಧೂಳು ಸೇರಿ ಅಂಟಾಗ್ತದೆ, 24 ಡಿಗ್ರಿಗಿಂತ ಕೆಳಗೆ ಎಣ್ಣೆಯೇ ಗಟ್ಟಿಯಾಗ್ತದೆ. ಪಿನ್ ನಿಧಾನಕ್ಕೆ ವಾಪಸ್ ಬರ್ತದೆ, ಎಲ್ಲ ಪಿನ್ನೂ ಕೂತ ಹಾಗೆ ಸುಳ್ಳು ಹೇಳ್ತದೆ. ಗ್ರಾಫೈಟ್ ಪುಡಿ ಅಥವಾ ಟೆಫ್ಲಾನ್ ಇರುವ ಒಣ ಲೂಬ್ರಿಕೆಂಟ್ ಸಾಕು. ಎರಡನ್ನೂ ಒಂದೇ ಬೀಗಕ್ಕೆ ಬೆರೆಸಬೇಡಿ.

ಇನ್ನು ಫಿನಿಶಿಂಗ್. ಪ್ರೆಸ್ಸಿನಲ್ಲಿ ಕತ್ತರಿಸಿದ ಪಿಕ್ಕಿಗೆ ಒಂದು ಬದಿ ಅಂಚು ದುಂಡಗೆ, ಇನ್ನೊಂದು ಬದಿ ಸಣ್ಣ ಮುಳ್ಳು ಎದ್ದಿರ್ತದೆ. ಲೇಸರಿನಲ್ಲಿ ಕತ್ತರಿಸಿದ್ದಕ್ಕೆ ಅಂಚಿನಲ್ಲಿ ಅಡ್ಡ ಗೆರೆಗಳು. ಎರಡೂ ಹಿತ್ತಾಳೆಗೆ ಕಚ್ತದೆ. ಹತ್ತಿಯ ಉಂಡೆಯನ್ನು ಅಂಚಿನ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿದ ಜಾಗದಲ್ಲಿ ಮುಳ್ಳು ಉಂಟು. ದುಬಾರಿ ಬ್ರ್ಯಾಂಡಿನಲ್ಲಿ ನೀವು ದುಡ್ಡು ಕೊಡುವುದರಲ್ಲಿ ಒಂದು ಭಾಗ ಈ ಮುಳ್ಳು ತೆಗೆದದ್ದಕ್ಕೆ. ಅದನ್ನು ಮನೆಯಲ್ಲಿ ಮಾಡಿದರೂ ಆಗ್ತದೆ: ವಾಟರ್ ಪೇಪರ್ 400, ಆಮೇಲೆ 600, 1000, ಮನಸ್ಸಿದ್ದರೆ 2000. ನೀರು ಹಾಕಿ, ಪಿಕ್ಕಿನ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಅಡ್ಡ ಗೀರು ಪಿನ್ನಿನ ತುದಿಗೆ ಅರದ ಹಾಗೆ ತಾಗ್ತದೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಕೊನೆಗೆ ಬ್ರಾಸೋ. ತುದಿಯನ್ನು ಜಾಸ್ತಿ ಉಜ್ಜಿ ಹುಕ್ಕಿನ ಎತ್ತರ ತಿನ್ನಬೇಡಿ, ಅಂಚು ಮಾತ್ರ ಮುರಿಯಬೇಕು.

ಗರಗಸ_73

ಕೊಳ್ಳುವುದೇ ಏಕೆ? ಹ್ಯಾಕ್ಸಾ ಬ್ಲೇಡಿನಲ್ಲಿ ಮಾಡಿಕೊಳ್ಳಬಹುದಲ್ಲ? 12 ಇಂಚಿನ ಒಂದು ಬ್ಲೇಡಿಗೆ ಎರಡು ಪಿಕ್.

ಸಾಣೆಕಲ್ಲು

ಮಾಡಬಹುದು. ಬ್ಲೇಡಿನ ದಪ್ಪ ಸುಮಾರು 0.64 ಎಂಎಂ, ಅಂದರೆ ಅದೇ 25 ಥೌ. ಚಿಲಕ ಅವರ ಯೂರೋ ಸಿಲಿಂಡರಿಗೆ ಅದು ದಪ್ಪವೇ ಆಯಿತು. ಅವರಿಗಾದರೆ ಆಟೋಮೊಬೈಲ್ ಅಂಗಡಿಯ ಫೀಲರ್ ಗೇಜಿನ (ಸಂದು ಅಳೆಯುವ ತೆಳು ತಗಡುಗಳ ಕಟ್ಟು) 0.45 ಅಥವಾ 0.50ರ ಎಲೆ ಮೇಲು. ಅದು ಹದ ಕೊಟ್ಟೇ ಬರುತ್ತದೆ, ದಪ್ಪ ಅದರ ಮೈಮೇಲೇ ಬರೆದಿರುತ್ತದೆ.

ಹ್ಯಾಕ್ಸಾದಲ್ಲಿ ಬೈಮೆಟಲ್, ಅಂದರೆ ಬಾಗಿದರೂ ಮುರಿಯದ ಬ್ಲೇಡ್ ತೆಗೆದುಕೊಳ್ಳಿ. ಹಲ್ಲಿನ ಭಾಗ ಮಾತ್ರ ಹೈಸ್ಪೀಡ್ ಸ್ಟೀಲ್, ಬೆನ್ನು ಸ್ಪ್ರಿಂಗ್ ಉಕ್ಕು. ಪೂರ್ತಿ ಹೈಸ್ಪೀಡ್ ಬ್ಲೇಡ್ ಗಾಜಿನಂತೆ ಸಿಡಿಯುತ್ತದೆ. ಹಲ್ಲನ್ನು ಪೂರ್ತಿ ಸಾಣೆ ಹಿಡಿದು ತೆಗೆದು, ಬೆನ್ನಿನ ಕಡೆ ಆಕಾರ ಬಿಡಿಸಿ. ಕನ್ನಡಕ ಹಾಕಿಕೊಳ್ಳಿ.

ಕೆಡುವುದು ಬಿಸಿಯಲ್ಲಿ. ಗ್ರೈಂಡರಿಗೆ ಒಂದು ಸಲಕ್ಕೆ ಎರಡು ಮೂರು ಸೆಕೆಂಡು ತಾಗಿಸಿ ನೀರಿಗೆ ಅದ್ದಿ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಆಗಕೂಡದು. ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ 220 ಡಿಗ್ರಿ ದಾಟಿತು, ನೀಲಿಯಾದರೆ 300ರ ಆಸುಪಾಸು. ನೀಲಿಯಾದ ಜಾಗದ ಹದ ಇಳಿಯಿತು, ಅಲ್ಲೇ ಬಾಗುತ್ತದೆ. ಅಷ್ಟನ್ನು ಕತ್ತರಿಸಿ ಬಿಸಾಡಿ ಹಿಂದಿನಿಂದ ಮತ್ತೆ ಆಕಾರ ಕೊಡಬೇಕು. ಹುಕ್ಕು ಬಂದು ಕತ್ತಿಗೆ ಸೇರುವ ಒಳಮೂಲೆ ಚೂಪಾಗಿರಬಾರದು. ಅರಗುಂಡು ಅರದಿಂದ ದುಂಡಗೆ ಮಾಡಿ, ಮುರಿಯುವುದು ಯಾವಾಗಲೂ ಆ ಮೂಲೆಯಲ್ಲೇ.

ಗರಗಸ_73

ಟೆನ್ಶನ್ ಬಾರಿಗೆ ಕಾರಿನ ವೈಪರ್ ಬ್ಲೇಡಿನೊಳಗಿನ ಸ್ಟೀಲ್ ಪಟ್ಟಿ. ಗ್ಯಾರೇಜಿನಲ್ಲಿ ಹಳೆಯ ವೈಪರ್ ಬಿಟ್ಟಿ ಸಿಗುತ್ತದೆ. ಬೆಂಕಿ ಹಚ್ಚದೆ, ವೈಸಿನಲ್ಲಿ ಇಕ್ಕಳದಿಂದ ನಿಧಾನಕ್ಕೆ ಬಗ್ಗಿಸಿ, ಮೂಲೆ ತುಸು ದುಂಡಗಿರಲಿ. 90 ಡಿಗ್ರಿ ಚೂಪಾಗಿ ಬಗ್ಗಿಸಿದರೆ ಮೂಲೆಯಲ್ಲಿ ಬಿರಿಯುತ್ತದೆ.

ಧಾರವಾಡ_ಕೀಲಿ

ವೈಪರ್ ಪಟ್ಟಿ ಸುಮಾರು 0.75 ಎಂಎಂ ಇರತೈತಿ. ಅಂದ್ರ 30 ಥೌನ ಜಾಗಾಕ್ಕ ನಡೀತೈತಿ. 40 ಕೊಂಡ್ರಿ ಅಂದ್ರ ಸಾಕು.

ರೈನ್_ತೀರ

ಬ್ರ್ಯಾಂಡಿನ ವಿಷಯಕ್ಕೆ ಬರೋಣ. ಸ್ಪ್ಯಾರೋಸ್ ಕೆನಡಾದ್ದು. ಅದರ ಮಾಮೂಲಿ ಪಿಕ್ 25 ಥೌ, ತೆಳು ಸಾಲು 15 ಥೌ. ಅಮೆರಿಕದ ಪೀಟರ್ಸನ್ 18 ಥೌನ ಸಾಲಿಗೆ ಹೆಸರಾದದ್ದು. ಸೌತ್‌ಆರ್ಡ್ ಹಳೆಯ ಅಮೆರಿಕನ್ ಕಂಪನಿ, ಫಿನಿಶಿಂಗ್ ಸಾಧಾರಣ, ವಾಟರ್ ಪೇಪರ್ ಕೆಲಸ ಬಾಕಿ ಇಟ್ಟೇ ಕೊಡುತ್ತದೆ. ಯೂರೋ ಸಿಲಿಂಡರನ್ನೇ ಮನಸ್ಸಿನಲ್ಲಿಟ್ಟು ಮಾಡುವುದು ಜರ್ಮನಿಯ ಬಾನ್ ನಗರದ ಮಲ್ಟಿಪಿಕ್. ಫಿನಿಶಿಂಗ್ ಚೆನ್ನ, ಬೆಲೆಯೂ ಹಾಗೇ. ಯೂರೋಪಿನಲ್ಲಿ ಬೀಗದ ಆಟಕ್ಕೆ ಕ್ಲಬ್ಬುಗಳೇ ಇವೆ. ಹ್ಯಾಂಬರ್ಗಿನಲ್ಲಿ 1997ರಲ್ಲಿ ಹುಟ್ಟಿದ ಎಸ್‌ಎಸ್‌ಡಿಇವಿ, ನೆದರ್ಲೆಂಡಿನ ಟೂಲ್ (TOOOL). ಎಲ್ಲ ಕಡೆ ಎರಡೇ ಕಟ್ಟಳೆ: ನಿಮ್ಮದಲ್ಲದ ಬೀಗ ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟಬಾರದು, ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗ ಮುಟ್ಟಬಾರದು. ಎರಡನೆಯದು ಯಂತ್ರದ ಕಾರಣಕ್ಕೂ ಸರಿ. ಪಿಕ್ ಮಾಡುವಾಗ ಪ್ಲಗ್ ತಲೆಕೆಳಗಾಗಿ ತಿರುಗಿ ಮೇಲಿನ ಪಿನ್ ಕೀ ತೂತಿಗೆ ಬಿದ್ದರೆ ಬೀಗದ ಕೈ ಕೂಡ ಹೋಗುವುದಿಲ್ಲ, ಮನೆಯವರೆಲ್ಲ ಹೊರಗೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2003ರಿಂದ ಕಾರಣವಿಲ್ಲದೆ ಇಂಥ ಸಲಕರಣೆ ಇಟ್ಟುಕೊಳ್ಳುವುದೇ ಅಪರಾಧ. ಪ್ರವಾಸಕ್ಕೆ ಒಯ್ಯುವವರು ನೋಡಿಕೊಳ್ಳಿ.

ಹಿತ್ತಾಳೆ_ಪಿನ್

ನಮ್ಮಲ್ಲೂ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ರಾತ್ರಿ ಹೊತ್ತು ಸಕಾರಣವಿಲ್ಲದೆ ಮನೆ ಒಡೆಯುವ ಸಲಕರಣೆಯ ಜೊತೆ ಸಿಕ್ಕಿಬೀಳುವುದಕ್ಕೆ ಶಿಕ್ಷೆಯಿದೆ. ಹವ್ಯಾಸ ಮೇಜಿನ ಮೇಲಿರಲಿ. ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ತಿರುಗುವ ವಸ್ತುವಲ್ಲ ಇದು.

ಚಿಲಕ_ಮೈಸೂರು

30 ಪೀಸಿನ ಅಗ್ಗದ ಸೆಟ್ಟು ಕೊಂಡು ಅದರಲ್ಲಿ ಒಳ್ಳೆಯ ಐದು ಆರಿಸಿಕೊಂಡರೆ ಆಗದೆ?

ಹಿತ್ತಾಳೆ_ಪಿನ್

ಆ ಮೂವತ್ತರಲ್ಲಿ ಇಪ್ಪತ್ತು ಒಂದನ್ನೊಂದು ಹೋಲುವ ರೇಕುಗಳು. ಒಂದು ಸಾಣೆ ಯಂತ್ರದಲ್ಲಿ ಒಂದೇ ತಗಡಿನಿಂದ ಬಂದವು. ಒಂದು ಮೆತ್ತಗಿದ್ದರೆ ಎಲ್ಲವೂ ಮೆತ್ತಗೆ. ಬಂದ ಮೇಲೆ ಮೂರು ಪರೀಕ್ಷೆ. ವರ್ನಿಯರಿನಲ್ಲಿ ದಪ್ಪ ಅಳೆಯಿರಿ, 0.8 ದಾಟಿದ್ದರೆ ನಿಮ್ಮ ಸಿಲಿಂಡರಿಗೆ ಅದು ಕಿವಿಗುಗ್ಗೆ ತೆಗೆಯುವ ಕಡ್ಡಿಯಷ್ಟೇ. ತುದಿಯನ್ನು ಮೇಜಿಗೆ ಒತ್ತಿ ಕತ್ತನ್ನು ಸುಮಾರು 15 ಡಿಗ್ರಿ ಬಗ್ಗಿಸಿ ಬಿಡಿ. ನೆಟ್ಟಗೆ ವಾಪಸ್ ಬರಬೇಕು. ಹಿಡಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ. ರಿವೆಟ್ ಸಡಿಲವಿದ್ದರೆ ಸದ್ದು ಬರುತ್ತದೆ, ಅಂಥ ಹಿಡಿ ಪಿನ್ನಿನ ಮಿಡಿತವನ್ನು ಬೆರಳಿಗೆ ಮುಟ್ಟಿಸುವುದಿಲ್ಲ. ದಪ್ಪ ರಬ್ಬರಿನಲ್ಲಿ ಅದ್ದಿದ ಹಿಡಿಯೂ ಅಷ್ಟೆ. ಬರೀ ಲೋಹದ ಹಿಡಿ ತಗೊಂಡು, ಕೈ ನೋವಾದರೆ 10 ಅಥವಾ 12 ಎಂಎಂ ಹೀಟ್ ಶ್ರಿಂಕ್ ಸ್ಲೀವ್ ಒಂದೇ ಸುತ್ತು ಹಾಕಿ. ಬಿಸಿ ಗಾಳಿ ಹಿಡಿಗೆ ಮಾತ್ರ.

ಪಾರದರ್ಶಕ ಬೀಗ ಒಳಗೇನಿದೆ ಎಂದು ಹತ್ತು ನಿಮಿಷ ನೋಡಲು ಚೆನ್ನ. ಅದರ ತೂತುಗಳು ಎಷ್ಟು ಸಡಿಲ ಎಂದರೆ ಸುಮ್ಮನೆ ಉಜ್ಜಿದರೂ ತೆರೆಯುತ್ತದೆ. ಅದರಲ್ಲಿ ಕಲಿತ ಒರಟು ಕೈಯನ್ನು ಆಮೇಲೆ ಮರೆಯಬೇಕಾಗುತ್ತದೆ.

ಚಿಲಕ_ಮೈಸೂರು

ಸರಿ, ಪಟ್ಟಿ ಹೀಗಾಯಿತು: 18 ಥೌನ ಗಿಡ್ಡ ಹುಕ್ ಒಂದು, ಮಧ್ಯಮ ಹುಕ್ ಒಂದು, ಅರೆವಜ್ರ (ತುದಿ ಅರ್ಧ ವಜ್ರದ ಆಕಾರದ ಪಿಕ್) ಒಂದು, ಮೂರು ಉಬ್ಬಿನ ಬೊಗೋಟಾ ರೇಕ್ ಒಂದು, ಟಿಓಕೆ ಬಾರ್ 40 ಮತ್ತು 50. ವೈಪರ್ ಪಟ್ಟಿ ಗ್ಯಾರೇಜಿನಿಂದ. 400 ಮತ್ತು 1000 ವಾಟರ್ ಪೇಪರ್. ಸಣ್ಣ ಟೇಬಲ್ ವೈಸು.

ಧಾರವಾಡ_ಕೀಲಿ

ಅರೆವಜ್ರ ಬಿಡ್ರಿ, ಆ ರೊಕ್ಕದಾಗ ಅದ ಗಿಡ್ಡ ಹುಕ್ ಇನ್ನೊಂದು ತಗೋರಿ. ನೀವು ದಿನಾ ಹಿಡಿಯೋದು ಅದನ್ನ, ಮೊದಲು ಸೊಟ್ಟ ಆಗೋದೂ ಅದ. 50ರ ಬಾರ್ ಕೊಳ್ಳೋಕ್ಕಿಂತ ಮುಂಚೆ ನಿಮ್ಮ ಸಿಲಿಂಡರಿನ ಬೀಗದ ಕೈ ದಪ್ಪ ವರ್ನಿಯರಿನಾಗ ಅಳೀರಿ. ತೂತಿನ ಕೊನಿ ಸಣ್ಣದಿದ್ರ 50 ಒಳಗ ಹೋಗಂಗಿಲ್ಲ.

ಕಡಲತಡಿ

ವೈಸಿಗೆ ಸಿಲಿಂಡರ್ ಹಿಡಿಯುವಾಗ ಮಧ್ಯದ ನಾಲಿಗೆ ತಿರುಗಲು ಜಾಗ ಬಿಡಿ ಆಯ್ತಾ. ದವಡೆಗೆ ಹಳೆಯ ಚರ್ಮದ ಬೆಲ್ಟಿನ ತುಂಡು ಹಾಕಿ. ಬಿಗಿ ಜಾಸ್ತಿಯಾದರೆ ಹಿತ್ತಾಳೆಯ ಮೈ ಅಮುಕಿ ಪ್ಲಗ್ಗೇ ತಿರುಗುವುದಿಲ್ಲ.

ಚಿಲಕ_ಮೈಸೂರು

ಬೀಗದ ಕೈ ಅಳೆದೆ. ಮೈಯ ದಪ್ಪ 2.2 ಎಂಎಂ, ಆದರೆ ಕೊರೆದ ಅಂಚಿನ ಹತ್ತಿರ, ತೋಡು ಕಳೆದು ಉಳಿದಿರುವುದು 1.1.

ಧಾರವಾಡ_ಕೀಲಿ

ಹಂಗಾರ 40 ಸಾಕ್ರಿ. 50 ಬ್ಯಾಡ.